ಹೊಸ ಮನೆಗೊಂದು ಹಸೆಗೋಡೆ

ಸ್ಟಾಕ್‌ಹೋಮ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಮ್ಮ, ಅಜ್ಜಿ, ತಮ್ಮನ ಮನೆಯವರೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಹಳೆಯ ಮನೆಯನ್ನು ಕೆಡವಿ ಸಿಮೆಂಟಿನ ಮನೆ ಕಟ್ಟಿಸುವ ವಿಚಾರ ತಿಳಿಯಿತು. ಮಲೆನಾಡಿನ ಮಳೆಯಲ್ಲಿ ಮಣ್ಣಿನ ಗೋಡೆಗಳನ್ನು ಕಾಪಾಡುವ ಶ್ರಮವೆಲ್ಲ ಅಮ್ಮನದೇ ಆಗಿರುವುದರಿಂದ ನಾನು ಬೇಡವೆನ್ನಲಾರೆ. ಆದರೆ ನಮ್ಮ ದೀವರ ಸಮುದಾಯದ ಮನೆಗಳ ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ಕ್ಯಾನ್ವಾಸಿನ ಮೇಲೆ ಬರೆಸಿ, ಚೌಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದರೆ ಸಾಕೆಂದು ತಮ್ಮ ಹೇಳಿದ ಮೇಲೆ ನಿಮಗೆ ಬರೆಯಲೇಬೇಕೆನಿಸಿತು.

ಕಳೆದ ತಿಂಗಳು ಇಲ್ಲಿನ ಹೆಲ್ಸಿಂಗ್‌ಲಾಂಡ್ ಪ್ರಾಂತ್ಯದಲ್ಲಿ ಹಳೆಯ ರೈತರ ಮನೆಯೊಂದನ್ನು ನೋಡಿ ಬಂದೆ. 19ನೆಯ ಶತಮಾನದ ಅನುಕೂಲಸ್ಥ ರೈತರು ಹಬ್ಬ, ಮದುವೆಗಳಿಗೆಂದೇ ಬೇರೆ ಕೋಣೆಗಳನ್ನು ಕಟ್ಟಿಸಿ, ಊರೂರು ತಿರುಗುವ ಚಿತ್ರಕಾರರಿಂದ ಅವುಗಳ ಗೋಡೆಗಳನ್ನು ಸಿಂಗರಿಸುತ್ತಿದ್ದರಂತೆ. ಅಂಥ 7 ಮನೆಗಳು 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಆ ಗೋಡೆಯ ಮುಂದೆ ನಿಂತಾಗ, ಮದುಮಕ್ಕಳನ್ನು ಕೂರಿಸುವ ನಮ್ಮ ಹಸೆಗೋಡೆಯೇ ಕಣ್ಣಿಗೆ ಕಟ್ಟಿತು.

ಅಲ್ಲಿ ಗೋಡೆಯನ್ನು ಜೋಪಾನ ಮಾಡಿದರೆ ಚಿತ್ರವೂ ಉಳಿಯುತ್ತದೆ. ಅಜ್ಜಿ ಬರೆದ ಹಸೆಯಾದರೋ ಯಾವುದೂ ಹೆಚ್ಚು ಮಳೆಗಾಲ ಕಂಡದ್ದಿಲ್ಲ. ಆದರೂ ಅತ್ತೆಯಿಂದ ಕಲಿತ ತೇರಿನ ಎಳೆಗಳನ್ನು ಅವರು ಇಂದಿಗೂ ಅಳತೆಗೋಲಿಲ್ಲದೆ ಎಳೆಯುತ್ತಾರೆ. ಕೆಮ್ಮಣ್ಣು ಸಾರಿಸುವ ಹದ, ನೆನೆಸಿ ಅರೆದ ಅಕ್ಕಿಯ ಬಿಳುಪು, ಸೀಯುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ, ಬರೆಯುತ್ತ ಹೇಳುವ ಹಾಡು, ಯಾವ ಎಳೆಯ ಪಕ್ಕ ಯಾವ ಎಳೆ ಬರಬೇಕೆಂಬ ತಿಳಿವಳಿಕೆ, ಇವೆಲ್ಲವನ್ನೂ ಯಾವ ಚೌಕಟ್ಟಿನಲ್ಲಿ ಕೂರಿಸೋಣ, ಅಪ್ಪಾ?

ಆದ್ದರಿಂದ ನಡುಮನೆಯ ಒಂದು ಗೋಡೆಗೆ ಪೇಂಟ್ ಹೊಡೆಸದೆ ಕೆಮ್ಮಣ್ಣಿಗೆಂದು ಬಿಡಿ. ಈ ಸಲದ ಭೂಮಿ ಹುಣ್ಣಿಮೆಗೆ ತಮ್ಮನ ಮಗಳನ್ನು ಅಜ್ಜಿಯ ಪಕ್ಕದಲ್ಲಿ ಕೂರಿಸಿ. ಗದ್ದೆಗೆ ಎಡೆ ಒಯ್ಯುವ ದೊಡ್ಡ ಭೂಮಣ್ಣಿ ಬುಟ್ಟಿಯ ಮೇಲೆ ಅಜ್ಜಿ ಚಿತ್ತಾರ ಬರೆಯಲಿ, ಹಚ್ಚಂಬಲಿಯ ಚಿಕ್ಕ ಬುಟ್ಟಿಯನ್ನು ಅವಳ ಕೈಗೆ ಕೊಡಲಿ. ಎಳೆ ಸೊಟ್ಟಗಾದರೂ ಯಾರೂ ಅಳಿಸುವುದು ಬೇಡ. ಅವಳ ವಯಸ್ಸಿನಲ್ಲಿ ನನ್ನನ್ನು ಪರೀಕ್ಷೆಯ ಓದಿಗೆಂದು ಅಲ್ಲಿಂದ ಎಬ್ಬಿಸಿ ಕಳಿಸುತ್ತಿದ್ದಿರಿ. ಅದು ದೂರಲ್ಲ, ಆದರೆ ಇಂದಿಗೂ ಒಂದು ತೇರನ್ನು ಪೂರ್ತಿಯಾಗಿ ಬರೆಯಲು ಬಾರದೆಂಬ ನೋವು ನನಗಿದೆ.

ರಜೆಗೆ ಅರ್ಜಿ ಹಾಕಿದ್ದೇನೆ, ಹುಣ್ಣಿಮೆಗೆ ಮೊದಲೇ ಬರುತ್ತೇನೆ. ನನಗೂ ಸ್ವಲ್ಪ ಪುಂಡಿ ನಾರು ತೆಗೆದಿಡಲು ಅಜ್ಜಿಗೆ ಹೇಳಿ.

ಇಂತಿ,
ನಿಮ್ಮ ಪ್ರೀತಿಯ ಮಗಳು