ಬೆನ್ನು ಕೊಟ್ಟವರಿಗೆ

ಕಳೆದ ವಾರ ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬಂತು. ಒಳಗಿದ್ದದ್ದು ಸ್ವಿಟ್ಜರ್ಲೆಂಡಿನ ಫೆಡರಲ್ ಡಿಪ್ಲೊಮಾ. ಪದವಿಯ ಹೆಸರು ಕಾಂಪ್ಲಿಮೆಂಟರಿ ಥೆರಪಿಸ್ಟ್, ಅಂದರೆ ಪೂರಕ ಚಿಕಿತ್ಸಕಿ. ನಾನು ಕಲಿತದ್ದು ಶಿಯಾಟ್ಸು ಅನ್ನುವ, ಮೈ ಒತ್ತುವ ಜಪಾನಿ ವಿದ್ಯೆ. ದೇವರ ಮುಂದಿಟ್ಟು ದೀಪ ಹಚ್ಚಿ, ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಜರ್ಮನ್ ಬರಹದಲ್ಲಿ ಅಮ್ಮನಿಗೆ ತಿಳಿದದ್ದು ನನ್ನ ಹೆಸರೊಂದೇ. ಅದನ್ನೇ ಎರಡು ಸಲ ಗಟ್ಟಿಯಾಗಿ ಓದಿದರು.

ನನ್ನ ಪಾಲಿಗೆ ಅದು ಒಬ್ಬಳ ಹೆಸರಿನ ಕಾಗದ ಅಲ್ಲ. ಎಷ್ಟು ಜನ ಚಾಪೆಯ ಮೇಲೆ ಬೋರಲು ಮಲಗಿ, "ಹೂಂ, ಕಲಿ" ಅಂತ ಬೆನ್ನು ಕೊಟ್ಟರೋ ಅವರೆಲ್ಲರ ಹೆಸರೂ ಅದರಲ್ಲಿರಬೇಕಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶಿಯಾಟ್ಸು ಅಂದರೆ ಏನು ಅಂತ ಊರಿನ ನೆಂಟರು ಈಗಲೂ ಕೇಳುತ್ತಾರೆ. ಜಪಾನಿ ಭಾಷೆಯಲ್ಲಿ ಶಿ ಅಂದರೆ ಬೆರಳು, ಆಟ್ಸು ಅಂದರೆ ಒತ್ತಡ. ಎಣ್ಣೆ ಇಲ್ಲ. ಮಲಗಿದವರು ಬಟ್ಟೆ ಹಾಕಿಕೊಂಡೇ ಇರುತ್ತಾರೆ. ನೆಲದ ಮೇಲೆ ಹತ್ತಿಯ ಹಾಸಿಗೆ, ಪಕ್ಕದಲ್ಲಿ ಮಂಡಿಯೂರಿ ನಾವು. ಇದನ್ನು ಜಪಾನಿನಲ್ಲಿ ಶಾಲೆ ಕಟ್ಟಿ ಕಲಿಸಿದವರಲ್ಲಿ ದೊಡ್ಡ ಹೆಸರು ತೊಕುಜಿರೊ ನಮಿಕೊಶಿ ಅವರದು. 1905ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಮನೆಯವರೆಲ್ಲ ಚಳಿಯ ಹೊಕ್ಕೈಡೊಗೆ ಹೋಗಿ ನೆಲೆಸಿದರು. ಅಲ್ಲಿ ತಾಯಿಗೆ ಕೀಲುನೋವು ಹಿಡಿಯಿತು. ತಾಯಿಯ ಮೈ ಒತ್ತುತ್ತಾ ಒತ್ತುತ್ತಾ ಆ ಹುಡುಗ ಈ ದಾರಿ ಹಿಡಿದ. 1940ರಲ್ಲಿ ಟೋಕಿಯೊದಲ್ಲಿ ಶಾಲೆ ಶುರು ಮಾಡಿದರು. ಈ ಕಥೆಯನ್ನು ತರಗತಿಯಲ್ಲಿ ಕೇಳಿದಾಗ ನನಗೆ ನಮ್ಮ ಅಜ್ಜಿಯ ಕಾಲುಗಳೇ ಕಣ್ಣ ಮುಂದೆ ಬಂದವು. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಯ ಕಾಲು ಒತ್ತುವುದು ನಮ್ಮ ಮನೆಯಲ್ಲಿ ಮಕ್ಕಳ ಕೆಲಸ, ಅಲ್ವಾ?

"ಅಲ್ಲಮ್ಮಾ, ಕಾಲು ಒತ್ತೋಕೂ ಡಿಪ್ಲೊಮಾ ಬೇಕಾ?" ಅಂತ ಮಾವ ಕೇಳಿದ್ದು ಅದಕ್ಕೇ ಇರಬೇಕು. ಅವರು ಕುಹಕದಿಂದ ಕೇಳಲಿಲ್ಲ, ನಿಜವಾಗಿ ತಿಳಿಯಬೇಕು ಅಂತಲೇ ಕೇಳಿದರು. ಆ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾವ, ನಿಮಗೆ ಮೊದಲ ನಮಸ್ಕಾರ. ಆ ಪ್ರಶ್ನೆ ಇಷ್ಟು ವರ್ಷವೂ ನನ್ನ ಜೊತೆಗೇ ಇತ್ತು.

ಮದುವೆಯಾಗಿ ಬಾಸೆಲ್‌ಗೆ ಬಂದಾಗ ನನಗೆ ಜರ್ಮನ್ ಬರುತ್ತಿರಲಿಲ್ಲ. ಶಿಯಾಟ್ಸು ತರಗತಿಗೆ ಸೇರಿದಾಗಲೂ ಅರ್ಧ ಮಾತು ತಲೆಯ ಮೇಲೇ ಹೋಗುತ್ತಿತ್ತು. ಆದರೆ ನೆಲದ ಮೇಲೆ ಕೂರುವುದು ನನಗೆ ಹೊಸದಾಗಿರಲಿಲ್ಲ. ಸಹಪಾಠಿಗಳು ಮಂಡಿ ನೋವು ಅಂತ ದಿಂಬು ಹುಡುಕುವಾಗ ನಾನು ಗಂಟೆಗಟ್ಟಲೆ ಆರಾಮಾಗಿ ಕೂರುತ್ತಿದ್ದೆ. ಅವರು ನನಗೆ ಜರ್ಮನ್ ಪದ ಬರೆದುಕೊಟ್ಟರು, ನಾನು ಅವರಿಗೆ ಕುಕ್ಕರಗಾಲಲ್ಲಿ ಕೂರುವುದನ್ನು ತೋರಿಸಿದೆ. ಮೂಳೆ, ಸ್ನಾಯುಗಳ ಹೆಸರು ಬಾಯಿಪಾಠ ಮಾಡಿಸಿದ ಆ ಗೆಳತಿಯರಿಗೆ ನನ್ನ ಪ್ರೀತಿ.

ಬೆನ್ನು ಕೊಟ್ಟವರಲ್ಲಿ ಮೊದಲಿನವರು ನಮ್ಮ ಕಟ್ಟಡದ ಮೂರನೇ ಮಹಡಿಯ ಪಿಯಾನೋ ಟೀಚರ್. ನಿವೃತ್ತರು, ಒಬ್ಬರೇ ಇರುತ್ತಾರೆ. ಅಭ್ಯಾಸಕ್ಕೆ ಯಾರಾದರೂ ಬೇಕಿತ್ತು, ಲಿಫ್ಟಿನಲ್ಲಿ ಹೆದರುತ್ತಲೇ ಕೇಳಿದೆ. ಒಪ್ಪಿದರು. ಮೊದಲ ದಿನವೇ ಮಲಗಿದ್ದಲ್ಲಿಂದ ಹೇಳಿದರು, "ನಿಮ್ಮ ಬಲಗೈ ಹೆಬ್ಬೆರಳು ತುಂಬಾ ಜೋರಾಗಿ ಮಾತಾಡುತ್ತಿದೆ. ಎಡಗೈದು ಕೇಳಿಸುತ್ತಲೇ ಇಲ್ಲ."

ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಸರ್ಟಿಫಿಕೇಟ್ ಸಿಕ್ಕಿತು, ಪುಟ್ಟ ಕೋಣೆ ಬಾಡಿಗೆಗೆ ಹಿಡಿದೆ, ಜನ ಬರತೊಡಗಿದರು. ಎರಡನೇ ವರ್ಷ ಬಲಗೈ ಹೆಬ್ಬೆರಳಿನ ಬುಡದ ಕೀಲು ಊದಿಕೊಂಡಿತು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ. ಕೃಷ್ಣಾಷ್ಟಮಿಗೆ ಚಕ್ಕುಲಿ ಮಾಡಲು ಹಿಟ್ಟು ಕಲಸಿಟ್ಟು ಒರಳು ಕೈಗೆತ್ತಿಕೊಂಡೆ. ಒಂದು ಸುತ್ತು ಕೂಡ ಒತ್ತಲಾಗಲಿಲ್ಲ. ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ. ಕೈಯೇ ಹೋದರೆ ಈ ಕೆಲಸದಲ್ಲಿ ಇನ್ನೇನು ಉಳಿಯುತ್ತದೆ?

ಎರಡು ತಿಂಗಳು ಕೋಣೆಗೆ ಬೀಗ ಹಾಕಿದೆ. ಆಗ ಪಿಯಾನೋ ಟೀಚರ್ ಮನೆಗೆ ಕರೆದು ಪಿಯಾನೋ ಮುಂದೆ ಕೂರಿಸಿದರು. ನನ್ನ ಮೊಣಕೈ ಕೆಳಗೆ ತಮ್ಮ ಅಂಗೈ ಇಟ್ಟು ಎತ್ತಿದರು. "ಭಾರ ಪೂರ್ತಿ ನನಗೆ ಕೊಡಿ" ಅಂದರು. ಕೊಡಲು ನನಗೆ ಬರಲಿಲ್ಲ. ಐದಾರು ಸಲ ಆದ ಮೇಲೆ ತೋಳು ಸಡಿಲವಾಯಿತು. ಅವರು ಥಟ್ಟನೆ ಕೈ ತೆಗೆದರು. ನನ್ನ ತೋಳು ತನ್ನಷ್ಟಕ್ಕೆ ಬಿತ್ತು, ಬೆರಳು ತಗಲಿ ಒಂದು ಸ್ವರ ತುಂಬಿಕೊಂಡು ಹೊರಟಿತು. ಬೆರಳಿನಿಂದ ಗುದ್ದಿದರೆ ಬರುವ ಸದ್ದಲ್ಲ ಅದು. "ಇದನ್ನೇ ನನ್ನ ಬೆನ್ನಿಗೂ ಮಾಡಿ" ಅಂದರು.

ಅದಾದ ಮೇಲೇ ನಾನು ಮುಂದಿನ ಹಂತದ ತರಬೇತಿಗೆ ಸೇರಿದ್ದು. ಅಲ್ಲಿನ ಗುರುಗಳು ಮೊದಲ ದಿನ ಹೇಳಿದ್ದೂ ಅದೇ ಮಾತು: ಒತ್ತಬೇಡ, ವಾಲು. ಹೆಬ್ಬೆರಳು, ಮಣಿಕಟ್ಟು, ಮೊಣಕೈ, ಭುಜ ಒಂದೇ ಗೆರೆಯಲ್ಲಿರಬೇಕು. ಭಾರ ಹೊಟ್ಟೆಯಿಂದ ಬರಬೇಕು, ಬೆರಳು ಅದನ್ನು ಸುಮ್ನೆ ದಾಟಿಸಬೇಕು. ಬೆರಳು ಬೇಡದ ಕಡೆ ಅಂಗೈ, ಮುಂಗೈ, ಮೊಣಕೈ, ಮಂಡಿ ಇವೆ. ಇನ್ನೊಂದು ಪಾಠ ನನಗೆ ತುಂಬಾ ಇಷ್ಟ. ಶಿಯಾಟ್ಸುವಿನ ಇನ್ನೊಬ್ಬ ಜಪಾನಿ ಗುರು ಶಿಜುತೊ ಮಸುನಾಗ ಅವರ ಪರಂಪರೆಯಲ್ಲಿ ಒಂದು ಕೈ ಕೆಲಸ ಮಾಡುತ್ತಾ ಸಾಗುವಾಗ ಇನ್ನೊಂದು ಕೈ ಮೈಮೇಲೆ ಅಲುಗದೆ ಇರುತ್ತದೆ. ಅದನ್ನು ತಾಯಿ ಕೈ ಅನ್ನುತ್ತಾರೆ. ಮಗುವನ್ನು ತಟ್ಟುವಾಗ ಇನ್ನೊಂದು ಕೈ ತಲೆಯ ಮೇಲಿರುತ್ತದಲ್ಲ, ಹಾಗೆ. ನನ್ನ ಎಡಗೈಗೆ ಆಗ ಕೆಲಸ ಸಿಕ್ಕಿತು.

ಇಲ್ಲಿನ ವ್ಯವಸ್ಥೆಗೂ ಒಂದು ಮಾತು ಹೇಳಲೇಬೇಕು. 2009ರ ಮೇ 17ರಂದು ಸ್ವಿಸ್ ಜನ ಮತ ಹಾಕಿ, ಇಂಥ ಚಿಕಿತ್ಸೆಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟರು. ಶೇ. 67ರಷ್ಟು ಜನ ಹೌದು ಅಂದಿದ್ದರು. 2015ರಲ್ಲಿ ಫೆಡರಲ್ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತು. ಪರೀಕ್ಷೆಗೆ ಕೂರಬೇಕಾದರೆ ಸರ್ಟಿಫಿಕೇಟ್ ಆದ ಮೇಲೆ ಅರ್ಧ ಹೊತ್ತಿನ ಕೆಲಸದ ಲೆಕ್ಕದಲ್ಲಿ 2 ವರ್ಷ, ಇಲ್ಲವೇ ಪೂರ್ತಿ ಹೊತ್ತಿನ ಕೆಲಸದ ಶೇ. 30ರ ಲೆಕ್ಕದಲ್ಲಿ 3 ವರ್ಷ ವೃತ್ತಿ ಮಾಡಿರಬೇಕು. ಮಗ ಚಿಕ್ಕವನು, ನಾನು ಎರಡನೆಯದನ್ನು ಆರಿಸಿಕೊಂಡೆ. ಜೊತೆಗೆ 36 ಗಂಟೆ ಸೂಪರ್‌ವಿಷನ್. ಅನುಭವಿಗಳೊಬ್ಬರ ಮುಂದೆ ಕೂತು, ನಾನು ಏನು ಮಾಡಿದೆ, ಯಾಕೆ ಮಾಡಿದೆ ಅಂತ ಬಿಚ್ಚಿ ಹೇಳುವುದು.

ಆ ಸೂಪರ್‌ವೈಸರ್‌ಗೆ ನಾನು ಋಣಿ. ಒಂದು ಮಧ್ಯಾಹ್ನದ ವಿಷಯ ಹೇಳುತ್ತೇನೆ. ವಿಮಾನದಲ್ಲಿ ದೂರದ ಪ್ರಯಾಣ ಮಾಡಿ ಬಂದ ಒಬ್ಬರು ಕಾಲು ಹಿಡಿದುಕೊಂಡಿದೆ, ಒತ್ತಿಕೊಡಿ ಅಂತ ಬಂದರು. ಮೀನಖಂಡ ಒಂದೇ ಕಡೆ ಊದಿತ್ತು, ಮುಟ್ಟಿದರೆ ಬಿಸಿ. ನಾನು ಕೈ ತೆಗೆದೆ. ಒತ್ತುವುದಿಲ್ಲ, ಈಗಲೇ ಆಸ್ಪತ್ರೆಗೆ ಹೋಗಿ ಅಂದೆ. ಅವರಿಗೆ ಬೇಸರವಾಯಿತು, ಆದರೂ ಹೋದರು. ರಕ್ತ ಹೆಪ್ಪುಗಟ್ಟಿತ್ತು. ಇಂಥ ಕಾಲನ್ನು ಒತ್ತಬಾರದು, ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದು ಅಂತ ಸೂಪರ್‌ವೈಸರ್ ಎಷ್ಟು ಸಲ ಹೇಳಿದ್ದರೋ. ರೋಗ ವಾಸಿ ಮಾಡುತ್ತೇನೆ ಅಂತ ಯಾರಿಗೂ ಮಾತು ಕೊಡಬಾರದು, ಡಾಕ್ಟರ ಔಷಧಿ ಬಿಡಿಸಬಾರದು, ಇದೂ ಅವರ ಪಾಠವೇ. ಮಾವ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಸಿಕ್ಕಿದ್ದು ಆ ಮಧ್ಯಾಹ್ನ. ಒತ್ತುವುದನ್ನು ಅಜ್ಜಿಯ ಕಾಲೇ ಕಲಿಸುತ್ತದೆ. ಯಾವಾಗ ಒತ್ತಬಾರದು ಅನ್ನುವುದಕ್ಕೆ ಇಷ್ಟೆಲ್ಲ ಓದಬೇಕು.

ನನ್ನ ಕೋಣೆಗೆ ಬರುವ ಎಲ್ಲರಿಗೂ ಧನ್ಯವಾದ. ಬಾಗಿಲು ಮುಚ್ಚಿದ್ದ ಎರಡು ತಿಂಗಳು ಬೇರೆ ಕಡೆ ಹೋಗದೆ ಕಾದಿರಿ. ಪರೀಕ್ಷೆಯ ಕೇಸ್ ಸ್ಟಡಿಗೆ ನಿಮ್ಮ ಕಥೆ ಬರೆಯಲು ಬಿಟ್ಟಿರಿ. ಅದರ ಜರ್ಮನ್ ತಿದ್ದಿಕೊಟ್ಟ ಪಕ್ಕದ ಮನೆಯವರಿಗೆ, ಶನಿವಾರಗಳಲ್ಲಿ ಮಗನನ್ನು ನೋಡಿಕೊಂಡ ಕನ್ನಡದ ಗೆಳತಿಗೆ ಏನು ಕೊಟ್ಟರೂ ಸಾಲದು. ಅಮ್ಮ, "ನಿನ್ನ ಕೈಗುಣ ಒಳ್ಳೇದು ಕಣೇ" ಅಂತ ಚಿಕ್ಕಂದಿನಿಂದ ಹೇಳುತ್ತಾ ಬಂದಿರಿ. ಅದನ್ನು ನಂಬಿಯೇ ಇಷ್ಟು ದೂರ ಬಂದೆ.

ಕೊನೆಗೆ ನಮ್ಮ ಮನೆಯವರು. ಆ ಕೃಷ್ಣಾಷ್ಟಮಿಯ ಸಂಜೆ ಆಫೀಸಿನಿಂದ ಬಂದವರು ಏನೂ ಕೇಳಲಿಲ್ಲ. ಕೈ ತೊಳೆದು ಬಂದು ಒರಳು ತೆಗೆದುಕೊಂಡರು. ಹಿಟ್ಟು ಅಷ್ಟು ಹೊತ್ತಿಗೆ ಒಣಗಿತ್ತು, ನೀರು ಚಿಮುಕಿಸಿ ನಾದಿಕೊಟ್ಟೆ, ಎಡಗೈಯಲ್ಲೇ. ಅವರು ಒತ್ತಿದರು, ಮಗ ಎಣಿಸಿದ. ಅವತ್ತಿನಿಂದ ನಮ್ಮ ಮನೆಯ ಚಕ್ಕುಲಿ ಅವರದೇ. ನನ್ನ ಹೆಬ್ಬೆರಳು ಈಗ ಸರಿಯಾಗಿದೆ, ಆದರೂ ಈ ವರ್ಷವೂ ಅವರೇ ಒತ್ತಲಿ. ಹಿಟ್ಟು ನಾನು ಕಲಸಿಡುತ್ತೇನೆ.