ಶಾಸಕರೇ, ತಿರುವಿನಲ್ಲಿ ಬೇರೆಡೆ ಹೊರಳಿದ ನೀರಿನ ಪೈಪನ್ನು ಸಿದ್ದಿ ಕೇರಿಗೆ ತನ್ನಿ

ಮಾನ್ಯ ಶಾಸಕರಿಗೆ,
ನಮಸ್ಕಾರಗಳು.

ಉತ್ತರ ಕನ್ನಡದ ಘಟ್ಟದ ಮೇಲಿನ ನಮ್ಮ ಪಟ್ಟಣ ಪಂಚಾಯಿತಿಯ ಕೊನೆಯ ವಾರ್ಡಿನ ಸಿದ್ದಿ ಬುಡಕಟ್ಟಿನವರ ಕೇರಿಯಿಂದ ಬರೆಯುತ್ತಿದ್ದೇನೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಸೀಲು ಬಿದ್ದ ಪ್ರತಿಗಳು ಮನೆಯಲ್ಲಿ ಕಟ್ಟುಗಟ್ಟಲೆ ಬಿದ್ದಿವೆ. ಹಾಗಾಗಿ ಈ ಸಲ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ಕೇಳುತ್ತಿರುವುದು ಒಂದೇ. ಟ್ಯಾಂಕಿನಿಂದ ಬಂದ ಕುಡಿಯುವ ನೀರಿನ ಪೈಪ್ ನಮ್ಮ ಕೇರಿಯ ತಿರುವಿನವರೆಗೆ ಬಂದು, ಕೇರಿಯೊಳಗೆ ಬಾರದೆ ಬೇರೆಡೆ ಹೊರಳಿದೆ. ಅದನ್ನು ಒಳಗೆ ತನ್ನಿ.

ಹೋದ ಬೇಸಿಗೆಯಲ್ಲಿ ಆ ತಿರುವಿನಲ್ಲಿ ಫಲಕ ನೆಟ್ಟರು. ‘ಪರಿಶಿಷ್ಟ ಪಂಗಡದ ಕಾಲೊನಿಗೆ ಕುಡಿಯುವ ನೀರು, ಶೇ 24.10ರ ನಿಧಿ’ ಎಂದು ಬರೆದಿತ್ತು. ಅಂದರೆ ಪಟ್ಟಣ ಪಂಚಾಯಿತಿ ಪರಿಶಿಷ್ಟ ಜಾತಿ, ಪಂಗಡದವರಿಗೆಂದೇ ತೆಗೆದಿಡಬೇಕಾದ ದುಡ್ಡು. ಕಾಲುವೆ ತೋಡಿದ್ದು ನಮ್ಮ ಹುಡುಗರೇ, ದಿನಗೂಲಿಗೆ. ನೀರು ಬಂತೆಂದು ನಮ್ಮ ಆಯಿ ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಟ್ಟಿದ್ದಳು. ಪೈಪ್ ಬಂತು, ತಿರುವಿನಲ್ಲಿ ಬಲಕ್ಕೆ ಹೊರಳಿ ಎದುರಿನ ಹೊಸ ಲೇಔಟಿಗೆ ಹೋಯಿತು. ಅಲ್ಲಿ ಇನ್ನೂ ಮನೆಯೇ ಎದ್ದಿಲ್ಲ, ಬರೀ ಸೈಟುಗಳು. ನಮ್ಮ ಹೆಸರಿನ ದುಡ್ಡು, ನಮ್ಮ ಹುಡುಗರ ಬೆವರು, ನೀರು ಮಾತ್ರ ಖಾಲಿ ಸೈಟಿಗೆ! ಕೇಳಿದ್ದಕ್ಕೆ ಎಂಜಿನಿಯರರು ತಲೆಯೆತ್ತದೆ ಹೇಳಿದರು: "ನಿಮ್ದು ಫಾರೆಸ್ಟ್ ಜಾಗ, ಅತಿಕ್ರಮಣ. ಪೈಪ್ ಹಾಕ್ಲಿಕ್ಕೆ ಬರೂದಿಲ್ಲ."

ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಅದರ 3(2)ನೇ ಕಲಮು ನನಗಿಂತ ಚೆನ್ನಾಗಿ ನಿಮಗೇ ಗೊತ್ತು. ಶಾಲೆ, ಅಂಗನವಾಡಿ, ರಸ್ತೆ, ಕುಡಿಯುವ ನೀರಿನ ಪೈಪ್, ಇವಕ್ಕೆಲ್ಲ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಸಾಕಾದರೆ ಗ್ರಾಮಸಭೆಯ ಶಿಫಾರಸಿನ ಮೇಲೆ ಕೊಡಬಹುದು. ನಮಗೆ ಬೇಕಿರುವುದು ಪೈಪ್ ಹೂಳಲು ಮೊಣಕಾಲಾಳದ ಒಂದು ಕಾಲುವೆ, ಒಂದು ಮರವನ್ನೂ ಕಡಿಯಬೇಕಿಲ್ಲ. ಪಟ್ಟಣದಲ್ಲಿ ಗ್ರಾಮಸಭೆ ಎಲ್ಲಿಂದ ತರೋಣ ಎಂದು ಕಚೇರಿಯಲ್ಲಿ ಕೇಳುತ್ತಾರೆ. ಅದನ್ನು ಬಗೆಹರಿಸಬೇಕಾದವರು ಕೂಲಿ ಮಾಡುವ ನಾವಾ? ವಾರ್ಡಿನವರ ಸಭೆ ಕರೆಸಿ, ಠರಾವು ಬರೆಸಿ, ಪೈಪ್ ಹಾಕಿಸಿ.

ಮಾರ್ಚ್ ಬಂದರೆ ನಮಗೆ ಹಳ್ಳದ ಒರತೆಯೇ ಗತಿ. ಕರಟದಲ್ಲಿ ಮೊಗೆದು ಮೊಗೆದು ಕೊಡ ತುಂಬಿಸಬೇಕು. ಯಾರದಾದರೂ ಕೈ ತಳಕ್ಕೆ ತಾಗಿ ಕೆಸರು ಕದಡಿದರೆ ನೀರು ತಿಳಿಯಾಗುವವರೆಗೆ ಎಲ್ಲರೂ ಸುಮ್ಮನೆ ಕೂರಬೇಕು. ಅಷ್ಟರಲ್ಲಿ ತೋಟದ ಕೆಲಸಕ್ಕೆ ತಡ, ತಡವಾದರೆ ಅರ್ಧ ಕೂಲಿ. ಆಯಿ ಆ ದರೆಯಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಈಗ ಆ ಕೈಯಲ್ಲಿ ಕೊಡ ಎತ್ತಲಾರಳು, ಎಡಗೈಯಲ್ಲಿ ತರುತ್ತಾಳೆ. ಶಾಲೆಗೆ ಹೋಗುವ ನನ್ನ ಮಗಳೂ ಸಾಲಿನಲ್ಲಿ ನಿಲ್ಲುತ್ತಾಳೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ನಮ್ಮ ಹಿರಿಯರನ್ನು ಆಫ್ರಿಕದಿಂದ ಗುಲಾಮರಾಗಿ ಹಡಗಿನಲ್ಲಿ ತಂದರು, ಗೋವೆಯಿಂದ ತಪ್ಪಿಸಿಕೊಂಡವರು ಈ ಕಾಡಿಗೆ ಬಂದರು. ನಮ್ಮಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಒರತೆಯ ಸಾಲಿನಲ್ಲಿ ಎಲ್ಲರೂ ಒಟ್ಟಿಗೇ ನಿಲ್ಲುತ್ತೇವೆ. 2003ರಲ್ಲಿ ನಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. 2020ರಲ್ಲಿ ನಮ್ಮವರೇ ಆದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋದಾಗ ಕೇರಿಯಲ್ಲಿ ನಮ್ಮ ಡೋಲು ಡಮಾಮಿ ಬಾರಿಸಿ ಕುಣಿದೆವು. ಉತ್ಸವದ ವೇದಿಕೆಗೆ ನಮ್ಮ ಡಮಾಮಿ ಬೇಕು. ಚುನಾವಣೆಯಲ್ಲಿ ನಮ್ಮ ವೋಟು ಬೇಕು. ನೀರು ಕೇಳಿದ ದಿನ ಮಾತ್ರ ನಾವು ಅತಿಕ್ರಮಣದಾರರು.

ಶಾಸಕರೇ, ಆ ಫಲಕದ ಕೆಲಸದ ಬಿಲ್ ಯಾವ ಜಾಗಕ್ಕೆ ಆಯಿತೆಂದು ತೆಗೆಸಿ ನೋಡಿ. ಅರಣ್ಯ ಇಲಾಖೆಗೆ ಪ್ರಸ್ತಾವ ಹೋಗಿದೆಯೋ ಇಲ್ಲವೋ ಕೇಳಿ. ಹೋಗಿಲ್ಲವಾದರೆ ಈ ವಾರವೇ ಕಳಿಸಲು ಹೇಳಿ. ಮುಂದಿನ ಮಾರ್ಚಿಗೆ ಮುಂಚೆ ಪೈಪ್ ಕೇರಿಯೊಳಗೆ ಬರಬೇಕು. ಕೆಲಸ ಯಾವ ದಿನ ಶುರುವಾಗುತ್ತದೆ ಎಂಬುದನ್ನು ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ಕೊಡಿ.

ಇಂತಿ,
ಸಿದ್ದಿ ಕೇರಿಯ ಒಬ್ಬ ಮತದಾರ