ವಾರ್ಡಿನಿಂದ ಲ್ಯಾಬಿಗೆ ಓಡುವವರು

ಮಾನ್ಯರೇ,

ಶ್ವಾಸಕೋಶದ ಕ್ಯಾನ್ಸರ್‌ಗೆ ಹೊಸ ಮಾತ್ರೆ ಬಂದರೆ ಸುದ್ದಿಯಲ್ಲಿ ಕಂಪನಿಯ ಹೆಸರಿರುತ್ತದೆ, ಬೆಲೆಯೂ ಇರುತ್ತದೆ. ಬೆಳಿಗ್ಗೆ ರೋಗಿಗಳನ್ನು ನೋಡಿ ಸಂಜೆ ಲ್ಯಾಬಿನಲ್ಲಿ ಕೂರುವ ವೈದ್ಯ-ವಿಜ್ಞಾನಿಗಳ ಸುದ್ದಿ ಮಾತ್ರ ಕಾಣುವುದೇ ಅಪರೂಪ.

ಜಪಾನಿನ ಹಿರೋಯುಕಿ ಮಾನೋ ಅವರನ್ನೇ ನೋಡಿ. ಓದಿದ್ದು ವೈದ್ಯಕೀಯ, ಹಿಡಿದದ್ದು ಸಂಶೋಧನೆ. ಧೂಮಪಾನಿಯಾಗಿದ್ದ 62 ವರ್ಷದ ರೋಗಿಯೊಬ್ಬರ ಗಡ್ಡೆಯ ಚೂರನ್ನು ಅವರ ತಂಡ ಜಾಲಾಡಿತು. ಬೇರೆ ಬೇರೆ ಇರಬೇಕಾದ ಎರಡು ಜೀನ್‌ಗಳು, ಇಎಂಎಲ್‌4 ಮತ್ತು ಎಎಲ್‌ಕೆ, ಅಲ್ಲಿ ಅಂಟಿಕೊಂಡಿದ್ದವು. ಇದರಿಂದ ಜೀವಕೋಶಕ್ಕೆ ‘ಬೆಳೀತಾ ಇರು’ ಎನ್ನುವ ಆಜ್ಞೆ ನಿಲ್ಲುವುದೇ ಇಲ್ಲ. ಇದು ಪ್ರಕಟವಾಗಿದ್ದು 2007ರಲ್ಲಿ. ಈ ಆಜ್ಞೆಯನ್ನು ತಡೆಯುವ ಕ್ರಿಜೋಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ 2011ರಲ್ಲೇ ಒಪ್ಪಿಗೆ ಸಿಕ್ಕಿತು. ಔಷಧಲೋಕದಲ್ಲಿ ನಾಲ್ಕು ವರ್ಷ ಅಂದರೆ ಕಣ್ಣು ಮಿಟುಕಿಸಿದಷ್ಟೇ, ಅಲ್ವಾ?

ಆದರೆ ಇಂಥ ಮಾತ್ರೆಗಳು ಕೆಲವು ಕಾಲದ ನಂತರ ಕೈಕೊಡುತ್ತವೆ. ಗಡ್ಡೆ ದಾರಿ ಬದಲಿಸುತ್ತದೆ. ಅದು ಮೊದಲು ಗೊತ್ತಾಗುವುದು ಸ್ಕ್ಯಾನ್ ನೋಡುವ ವೈದ್ಯರಿಗೆ. ಆಗ ಮತ್ತೆ ಬಯಾಪ್ಸಿ ಮಾಡಿ, ಅಂದರೆ ಗಡ್ಡೆಯ ಚೂರು ತೆಗೆದು ಪರೀಕ್ಷಿಸಿ, ‘ಯಾಕೆ ಹೀಗಾಯ್ತು’ ಎಂದು ಹುಡುಕಲು ಅದೇ ವೈದ್ಯರಿಗೆ ಲ್ಯಾಬಿನ ಕೆಲಸವೂ ಬರಬೇಕು.

ಈ ದಾರಿ ಸುಲಭದ್ದಲ್ಲ. ಎಂಬಿಬಿಎಸ್, ಎಂಡಿ, ಮೇಲೊಂದು ಪಿಎಚ್‌.ಡಿ. ಓದು ಮುಗಿಯುವಷ್ಟರಲ್ಲಿ ಜೊತೆಯವರು ಪ್ರಾಕ್ಟೀಸ್‌ನಲ್ಲಿ ನೆಲೆಯೂರಿರುತ್ತಾರೆ. ಒಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಎಷ್ಟು ಜನರನ್ನು ನೋಡಿದಿರಿ ಎಂದಷ್ಟೇ ಆಸ್ಪತ್ರೆಯವರು ಲೆಕ್ಕ ಕೇಳಿದರೆ ಪ್ರಯೋಗ ಮಾಡುವುದು ಯಾವಾಗ? ಆಸಕ್ತಿ ಇರುವ ಯುವ ವೈದ್ಯರಿಗೆ ವಾರದಲ್ಲಿ ಎರಡು ದಿನವಾದರೂ ಸಂಶೋಧನೆಗೆಂದೇ ಬಿಡಿ, ಅದಕ್ಕೂ ಸಂಬಳ ಕೊಡಿ.

– ಒಬ್ಬ ಓದುಗ